ನೀರಿಗಿಳಿಯುವ ಮುನ್ನ

"ಸ್ನಾನ ಯಾವಾಗ ಕೊಡತೀರಿ ಪಾಸ್ಟರ್ರ?"

ಗೋವಾದ ವಾಸ್ಕೋದ ಕನ್ನಡ ಕ್ರೈಸ್ತ ಸಭೆಗಳಿಗೆ ಹೊಸದಾಗಿ ಬಂದವರು ಎರಡನೇ ಭಾನುವಾರಕ್ಕೇ ದೀಕ್ಷಾಸ್ನಾನದ ಬಗ್ಗೆ ಹೀಗೆ ಕೇಳುತ್ತಾರೆ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಝುವಾರಿನಗರ, ಬೈನಾ, ಸಡಾದಲ್ಲಿ ಖೋಲಿ ಹಿಡಿದು ಗೌಂಡಿ ಕೆಲಸ, ಬಂದರಿನ ಕೆಲಸ, ಮೀನಿನ ಧಕ್ಕೆಯಲ್ಲಿ ಹೊರುವ ಕೆಲಸ ಮಾಡುವ ಜನ. ಅವರಿಗೆ ಸಿಗುವ ಉತ್ತರ: "ಕೊಡೋಣಪಾ ತಮ್ಮಾ. ಮೊದಲ ಯಾರ್‍ಯಾರಿಗೆ ಎಷ್ಟೆಷ್ಟು ಕೊಡೋದೈತಿ ಬರಕೊಂಡ ಬಾ." ಕೆಲವರ ಮುಖ ಅಲ್ಲೇ ಸಣ್ಣದಾಗುತ್ತದೆ. ದೇವರ ಹತ್ತಿರ ಬಂದರೆ ಇವರು ಲೆಕ್ಕ ಕೇಳುತ್ತಾರಲ್ಲ ಅಂತ.

ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪಶ್ಚಾತ್ತಾಪಕ್ಕೊಂದು ಒಳ್ಳೆಯ ಮಾತಿದೆ, ತಿರುಗಿಕೊಳ್ಳುವುದು. ಹೀಬ್ರೂವಿನ ‘ಶೂಬ್’ ಅಂದರೂ ಅದೇ, ಹೊರಟ ದಾರಿ ಬಿಟ್ಟು ಮರಳುವುದು. ಗ್ರೀಕಿನ ‘ಮೆಟನೋಯ’ ಅಂದರೆ ಮನಸ್ಸು ಮಾರ್ಪಡುವುದು. ಎರಡರಲ್ಲೂ ಅಳಬೇಕೆಂಬ ಮಾತಿಲ್ಲ. ನಮ್ಮ ಜನಕ್ಕೋ, ಪಶ್ಚಾತ್ತಾಪ ಅಂದ ಕೂಡಲೇ ಕಣ್ಣೀರು. ಉಪವಾಸ ಪ್ರಾರ್ಥನೆಯ ರಾತ್ರಿ ಕೀಬೋರ್ಡಿನ ಸ್ವರ ಏರಿದಂತೆ ಅಳುವೂ ಏರುತ್ತದೆ. ಅತ್ತದ್ದು ಸುಳ್ಳಲ್ಲ. ಆದರೆ ಅಳದೆ ಸುಮ್ಮನೆ ಗೋಡೆಗೆ ಒರಗಿ ಕೂತಿದ್ದವನು ಮರುದಿನ ಬೆಳಿಗ್ಗೆ ಓಸಿ (ಮಟ್ಕಾ ಜೂಜು) ಬರೆಯುವವನ ನಂಬರನ್ನು ಫೋನಿನಿಂದ ಅಳಿಸಿಬಿಡುವುದೂ ಉಂಟು. ತಿರುಗಿಕೊಂಡದ್ದು ಅದು.

ಮೊದಲ ಸಂಜೆ ಮಾಡಿಸುವುದು ಬಹಳ ಕಡಿಮೆ. 51ನೇ ಕೀರ್ತನೆಯನ್ನು ನಿಧಾನವಾಗಿ ಓದಿಸುತ್ತಾರೆ. ಓದಲು ಬಾರದವರಿಗೆ ಸಾಲು ಸಾಲಾಗಿ ಹೇಳಿಕೊಡುತ್ತಾರೆ. ಆಮೇಲೆ ಅವರವರ ಮಾತಿನಲ್ಲೇ ಪ್ರಾರ್ಥನೆ. ಇಲ್ಲಿ ಆಗುವ ತಪ್ಪೆಂದರೆ ಪಾಸ್ಟರು ಹೇಳಿಕೊಟ್ಟಿದ್ದನ್ನು ಗಿಣಿಪಾಠ ಒಪ್ಪಿಸಿ ‘ರಕ್ಷಣೆ ಆಯಿತು’ ಎಂದು ಎದ್ದುಹೋಗುವುದು. ‘ನಾನು ಪಾಪಿ’ ಅನ್ನುವುದು ಸುಲಭ, ಊರೆಲ್ಲ ಅನ್ನುತ್ತದೆ. ‘ಅಕ್ಕನ ಬೆಂಡೋಲೆ ಅಡವಿಟ್ಟು ಓಸಿ ಆಡಿದೆ, ಕಳುವಾಯಿತೆಂದು ಸುಳ್ಳು ಹೇಳಿದೆ’ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಇದನ್ನು ದೇವರ ಮುಂದೆ ಹೇಳಿದರೆ ಸಾಕು, ಮೈಕಿನಲ್ಲಿ ಬೇಡ.

ಕುಡಿತದಿಂದ ಬಂದವನಾದರೆ ಪ್ರಾರ್ಥನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳೇ ಬೇರೆ. ದಿನಕ್ಕೆ ಎಷ್ಟು? ಬೆಳಿಗ್ಗೆ ಎದ್ದ ಕೂಡಲೇ ಬೇಕೇ? ಕಡೆಯ ಬಾರಿ ಕುಡಿದದ್ದು ಎಷ್ಟು ಹೊತ್ತಿಗೆ? ವರ್ಷಗಟ್ಟಲೆ ದಿನಕ್ಕೆರಡು ಕ್ವಾರ್ಟರ್, ಅಂದರೆ 360 ಮಿಲಿ, ಇಳಿಸುತ್ತಿದ್ದವನು ‘ಇವತ್ತಿಗೆ ಬಿಟ್ಟೆ’ ಎಂದು ಒಮ್ಮೆಲೇ ನಿಲ್ಲಿಸಿದರೆ 6ರಿಂದ 12 ತಾಸಿನಲ್ಲಿ ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹಾರುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ 48 ತಾಸಿನೊಳಗೆ. ಎರಡು ಮೂರನೇ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಾಡುತ್ತವೆ, ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ, ಹೆಂಡತಿಯ ಗುರುತು ಸಿಗುವುದಿಲ್ಲ. ಸಭೆಯವರು ದೊಡ್ಡ ತಪ್ಪು ಮಾಡುವುದು ಇಲ್ಲೇ. ದೆವ್ವ ಅಂದುಕೊಂಡು ಸುತ್ತ ನಿಂತು, ತಲೆಯ ಮೇಲೆ ಕೈಯಿಟ್ಟು, ರಾತ್ರಿಯೆಲ್ಲ ಬಿಡುಗಡೆಯ ಪ್ರಾರ್ಥನೆ. ಅದು ದೆವ್ವವಲ್ಲ, ಹೆಂಡವಿಲ್ಲದ ಮಿದುಳು. ಪ್ರಾಣಕ್ಕೆ ಅಪಾಯ. ಬಾಂಬೋಳಿಯ ಸರಕಾರಿ ಮನೋವೈದ್ಯ ಸಂಸ್ಥೆಗೋ ಹತ್ತಿರದ ಆಸ್ಪತ್ರೆಗೋ ತಕ್ಷಣ ಕರೆದೊಯ್ಯಬೇಕು. ಅಲ್ಲಿ ಬಿ1 ಜೀವಸತ್ವದ ಇಂಜೆಕ್ಷನ್ ಕೊಡುತ್ತಾರೆ. ನಡುಕದ ಮಾತ್ರೆಯನ್ನು ಮೊದಲು ಹೆಚ್ಚು ಕೊಟ್ಟು ದಿನದಿನಕ್ಕೆ ಇಳಿಸುತ್ತ ಸುಮಾರು ವಾರದಲ್ಲಿ ನಿಲ್ಲಿಸುತ್ತಾರೆ. ಪ್ರಾರ್ಥನೆ ಮಾಡುವವರು ಅದೇ ವಾರ್ಡಿನ ಹೊರಗೆ ಕೂತು ಮಾಡಬಹುದು. ಯಾರ ಅಡ್ಡಿಯೂ ಇಲ್ಲ.

ಇದಕ್ಕೆ ಸೇರಿದ ಇನ್ನೊಂದು ಮಾತು. ಟಿ.ಬಿ., ಸಕ್ಕರೆ, ಬಿ.ಪಿ., ಫಿಟ್ಸ್ ಮಾತ್ರೆಗಳನ್ನು ‘ವಿಶ್ವಾಸದಿಂದ’ ನಿಲ್ಲಿಸು ಎಂದು ಹೇಳುವ ಪಾಸ್ಟರು ಎಷ್ಟೇ ದೊಡ್ಡವರಾಗಿರಲಿ, ಆ ಮಾತನ್ನು ಕೇಳಬೇಡಿ. ಟಿ.ಬಿ. ಮಾತ್ರೆ ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತೆ ತಿರುಗಿ ಬರಬಹುದು, ಮನೆಮಂದಿಗೂ ಅಂಟಬಹುದು.

ಇನ್ನು ಪುಸ್ತಕ. ಕಿರಾಣಿ ಅಂಗಡಿಯಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ ಸಾಕು. ಪುಟಕ್ಕೆ ನಾಲ್ಕು ಕಾಲಮ್ಮು: ಯಾರಿಗೆ, ಏನು, ಎಷ್ಟು, ಯಾವ ತಾರೀಕಿಗೆ. ಮೊದಲ ದಿನ ಬರೆಯುವುದು ಬರೀ ದೊಡ್ಡ ಸಾಲಗಳನ್ನು, ಯಾಕೆಂದರೆ ಕೇಳಲು ಮನೆ ಬಾಗಿಲಿಗೆ ಬರುವವರು ಅವರೇ. ಒಂದು ವಾರ ಬಿಟ್ಟರೆ ಉಳಿದದ್ದು ನೆನಪಿಗೆ ಬರುತ್ತದೆ. ಗಾಡೆಯವನ, ಅಂದರೆ ಗೂಡಂಗಡಿಯವನ ಉದ್ರಿ, ಭಿಶಿ ಚೀಟಿಯಲ್ಲಿ ಎತ್ತಿ ಆಮೇಲೆ ಕಟ್ಟದ ಕಂತು, ಮುಕಾದಮನಾಗಿದ್ದಾಗ ಕೂಲಿಯವರ ಹಾಜರಿಯಲ್ಲಿ ಹಾರಿಸಿದ ಅರ್ಧ ದಿನಗಳು, ಸೈಟಿನಿಂದ ಹೊರಗೆ ಹೋದ ಸಿಮೆಂಟ್ ಚೀಲ. ಈ ಕಡೆಯ ಎರಡು ಸಾಲು ತಾವಾಗಿ ಬರೆದರೆ, ಈತ ನಿಜವಾಗಿ ತಿರುಗಿದ್ದಾನೆ ಅಂತ ಹಿರಿಯರಿಗೆ ಗೊತ್ತಾಗುತ್ತದೆ. ಕೇಳುವವರೇ ಇಲ್ಲದ ಸಾಲ ಅದು.

ಎಷ್ಟು ಕೊಡಬೇಕು? ಲೂಕನ 19ನೇ ಅಧ್ಯಾಯದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ. ಅದು ಅವನ ಸಂತೋಷ, ಎಲ್ಲರ ಮೇಲೆ ಹೇರುವ ದರವಲ್ಲ. ಯಾಜಕಕಾಂಡದ 6ನೇ ಅಧ್ಯಾಯ ಅಸಲಿನ ಮೇಲೆ ಐದರಲ್ಲೊಂದು ಪಾಲು ಸೇರಿಸು ಅನ್ನುತ್ತದೆ; 1,000 ರೂಪಾಯಿ ಕದ್ದಿದ್ದರೆ 1,200. ಕೂಲಿಯವನಿಗೆ ಇದು ಕೈಗೆಟಕುವ ಲೆಕ್ಕ. ಯಾರಿಗೆ ಕೊಡಬೇಕೋ ಅವನು ತೀರಿಹೋಗಿದ್ದರೆ ಅವನ ಹತ್ತಿರದ ಬಂಧುವಿಗೆ, ಬಂಧುವೂ ಇಲ್ಲದಿದ್ದರೆ ಯಾಜಕನಿಗೆ ಎಂದು ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿದೆ. ಈ ಕೊನೆಯದನ್ನು ಹಿಡಿದುಕೊಂಡು ಎಲ್ಲವನ್ನೂ ಸಭೆಯ ಕಾಣಿಕೆ ಡಬ್ಬಿಗೆ ಹಾಕಿಸಿಕೊಳ್ಳುವವರಿದ್ದಾರೆ. ಅದು ತಪ್ಪು. ಹಣ ಹೋಗಬೇಕಾದದ್ದು ಕಳೆದುಕೊಂಡವನ ಕೈಗೆ. ಸಾಲ ತೀರುವ ತನಕ ದಶಮಾಂಶ ಕೇಳದ ಸಭೆಗಳಿವೆ, ಅವು ಮಾಡುವುದು ಸರಿ.

ಕೊಡುವ ಕ್ರಮಕ್ಕೂ ಒಂದು ನ್ಯಾಯವಿದೆ. ಜೋರು ಮಾಡುವವನಿಗೆ ಮೊದಲು ಕೊಡುವುದು ಲೋಕರೂಢಿ. ಇಲ್ಲಿ ಬಡವರಿಗೆ ಮೊದಲು. ಕೂಲಿಯವರ ಹಾಜರಿ, ಅಕ್ಕನ ಬೆಂಡೋಲೆ, ಆಮೇಲೆ ಗಾಡೆ, ಕೊನೆಗೆ ಬಡ್ಡಿಯವನು. ಬಡ್ಡಿ ಬೆಳೆಯುತ್ತಲ್ಲ ಎಂದು ಹೆಂಡತಿ ತಕರಾರು ತೆಗೆಯುತ್ತಾಳೆ, ಅವಳ ಮಾತೂ ನಿಜ. ಹಾಗಾಗಿ ಬಡ್ಡಿಯವನ ಮನೆಗೆ ಸಭೆಯ ಹಿರಿಯರೊಬ್ಬರು ಜತೆಗೆ ಹೋಗಿ, ಬಡ್ಡಿ ನಿಲ್ಲಿಸಿ ಅಸಲಿಗೆ ಕಂತು ಮಾಡಿಸಿಕೊಳ್ಳಲು ನೋಡುತ್ತಾರೆ. ತಿಂಗಳ ಪಗಾರ 18,000, ಸಾಲ 47,000 ಅಂದುಕೊಳ್ಳಿ. 2,500ರ ಕಂತಾದರೆ 19 ತಿಂಗಳು. ಹುರುಪಿನಲ್ಲಿ 6,000 ಬರೆದವರು ಮೂರನೇ ತಿಂಗಳಿಗೆ ಹೊಸ ಸಾಲ ಎತ್ತಿ ಹಳೆಯದಕ್ಕೆ ಕಟ್ಟುತ್ತಾರೆ. ಹೊಸದಾಗಿ ತಿರುಗಿದವನ ಹುರುಪನ್ನು ಸ್ವಲ್ಪ ಕಡಿಮೆ ನಂಬಬೇಕು.

ಹಣವಲ್ಲದ ಬಾಕಿಗಳಿಗೆ ಇದಕ್ಕಿಂತ ಹೆಚ್ಚು ಜಾಗ್ರತೆ ಬೇಕು. ಬೇರೆ ಹೆಣ್ಣಿನ ಸಹವಾಸ ಇದ್ದವನು ಅದನ್ನು ಕಡಿದುಕೊಳ್ಳಬೇಕು, ಸರಿ. ಆದರೆ ಆಕೆಯ ಮನೆಗೇ ಹೋಗಿ ಗಂಡನ ಮುಂದೆ ‘ಕ್ಷಮಿಸಿ’ ಅಂದರೆ ಹೊರೆ ಇಳಿಯುವುದು ಇವನ ಹೆಗಲಿನಿಂದ, ಏಟು ಬೀಳುವುದು ಅವಳ ಬೆನ್ನಿಗೆ. ಪೊಲೀಸ್ ಕೇಸಾಗುವಂಥ ವಿಷಯವಿದ್ದರೆ ಮೊದಲು ವಕೀಲರನ್ನು ನೋಡಬೇಕು, ಆಮೇಲೆ ಒಪ್ಪಿಕೊಳ್ಳಬೇಕು. ಸಾಕ್ಷಿ ಹೇಳುವ ನೆಪದಲ್ಲಿ ಸಭೆಯಲ್ಲಿ ಬಾಯಿಬಿಟ್ಟರೆ ಮೊಬೈಲಿನಲ್ಲಿ ರೆಕಾರ್ಡ್ ಆಗಿರುತ್ತದೆ.

ಬೈನಾದ ಹೆಸರು ಬಂದಾಗ ಒಂದು ಮಾತು ಹೇಳಲೇಬೇಕು. 2004ರಲ್ಲಿ ಕೆಡವಿದ ಅಲ್ಲಿನ ಕೆಂಪುದೀಪದ ಓಣಿಗಳಲ್ಲಿ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿದ್ದರು, ಮುತ್ತು ಕಟ್ಟಿಸಿಕೊಂಡು ಬಂದವರೂ ಇದ್ದರು. ಹೆಣ್ಣುಮಕ್ಕಳಿಗೆ ಹೀಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದನ್ನು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತ್ತು. ಅಂಥ ತಾಯಿಯೊಬ್ಬಳು ಸಭೆಗೆ ಬಂದರೆ ‘ಪಾಪದ ಜೀವನ ಬಿಟ್ಟು ಬಂದವಳು’ ಎಂದು ಮುಂದೆ ನಿಲ್ಲಿಸುವುದಿದೆಯಲ್ಲ, ಅದನ್ನು ನೋಡಲಾಗುವುದಿಲ್ಲ. ತಿಳಿವಳಿಕೆ ಬರುವ ಮುನ್ನ ಇನ್ನೊಬ್ಬರು ಅವಳಿಗೆ ಮಾಡಿದ್ದು ಅವಳ ಪಾಪದ ಪಟ್ಟಿಗೆ ಸೇರುವುದಿಲ್ಲ. ಅವಳ ಪುಸ್ತಕದಲ್ಲಿ ಕಾಲಮ್ಮು ತಿರುವಿ ಬರೆಯಬೇಕು: ನನಗೆ ಯಾರು ಎಷ್ಟು ಕೊಡಬೇಕು. ಅವಳು ಕ್ಷಮಿಸುವುದು ಬಿಡುವುದು ಆ ಪಟ್ಟಿ ಬರೆದಾದ ಮೇಲಿನ ಮಾತು, ಅದಕ್ಕೆ ಅವಸರ ಮಾಡುವ ಹಕ್ಕು ಯಾರಿಗೂ ಇಲ್ಲ.

ಮನೆಯ ಸಂಗತಿ. ಜಗಲಿಯ ಮೇಲಿನ ದೇವರುಗಳನ್ನು ಏನು ಮಾಡುವುದು? ಹುರುಪಿನವರು ರಾತ್ರೋರಾತ್ರಿ ಗೋಣಿಚೀಲಕ್ಕೆ ತುಂಬಿ ಖಾಡಿಯ ನೀರಿಗೆ ಎಸೆದು ಬರುತ್ತಾರೆ; ಬೆಳಿಗ್ಗೆ ಹೆಂಡತಿ ಊರಿಗೆ ಫೋನ್ ಹಚ್ಚುತ್ತಾಳೆ. ಎಫೆಸದಲ್ಲಿ 50,000 ಬೆಳ್ಳಿ ನಾಣ್ಯ ಬೆಲೆಯ ಮಾಟದ ಪುಸ್ತಕಗಳನ್ನು ಸುಟ್ಟರು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿ ಇದೆ, ನಿಜ. ಅವರು ಸುಟ್ಟದ್ದು ತಮ್ಮವನ್ನು. ಜಗಲಿಯ ದೇವರು ಮನೆಮಂದಿಯೆಲ್ಲರದು, ಅತ್ತೆ ತಂದಿಟ್ಟದ್ದು. ಅದನ್ನು ಮುಟ್ಟದೆ ತನ್ನ ಪೂಜೆ ತಾನು ನಿಲ್ಲಿಸಿದರೆ ಸಾಕು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ವರ್ಷ ‘ನಾ ಬರಂಗಿಲ್ಲವ್ವಾ, ಖರ್ಚಿಗೆ ನನ್ನ ಪಾಲು ತಗೋ’ ಅಂದು ತಾಯಿಯ ಕೈಗೆ ದುಡ್ಡು ಕೊಡುವುದು ಸರಿಯೋ ತಪ್ಪೋ ಎಂದು ಸಭೆಗಳಲ್ಲಿ ವಾದವಿದೆ. ನಮ್ಮ ಮಟ್ಟಿಗೆ, ತಾಯಿಗೆ ಕೊಟ್ಟ ದುಡ್ಡು ತಾಯಿಯದು. ಹೆಂಡತಿ ನಂಬದಿದ್ದರೂ ಜತೆಗಿರಲು ಒಪ್ಪಿದರೆ ಬಿಡಬಾರದು ಎಂದು ಪೌಲ 1 ಕೊರಿಂಥ 7ರಲ್ಲಿ ನೇರವಾಗಿ ಬರೆದಿದ್ದಾನೆ, ಅಲ್ಲಿ ವಾದಕ್ಕೆ ಜಾಗವಿಲ್ಲ.

ಕಾನೂನಿನ ಮಾತು ನೀರಿಗೆ ಮುಂಚೆಯೇ ಆಗಬೇಕು. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಆ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಅದು ಹೋಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಕಟ್ಟು ಇಲ್ಲ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ, ಸಂಗಾತಿ ಮತಾಂತರವಾದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನಂತೆ, ಮತಾಂತರದ ನಂತರ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಹಕ್ಕು ಬರುವುದಿಲ್ಲ, ಆ ಬಂಧು ತೀರಿಕೊಂಡ ಹೊತ್ತಿಗೆ ಆ ಮಕ್ಕಳೂ ಹಿಂದೂಗಳಾಗಿದ್ದರೆ ಹೊರತು. ಮಗಳ ಹಾಸ್ಟೆಲ್ ಸೀಟು, ಊರಲ್ಲಿ ಎರಡು ಎಕರೆ ಇರುವವನಿಗೆ ಇವೆಲ್ಲ ಸಣ್ಣ ಮಾತಲ್ಲ. ಗೊತ್ತಿದ್ದೂ ಹೇಳದೆ ನೀರಿಗಿಳಿಸುವ ಪಾಸ್ಟರು ಮೋಸ ಮಾಡಿದಂತೆ. ‘ಸರ್ಟಿಫಿಕೇಟಿನಲ್ಲಿ ಹಿಂದೂ, ಸಭೆಯಲ್ಲಿ ವಿಶ್ವಾಸಿ ಅಂತ ಇರು, ಏನಾಗಲ್ಲ’ ಅನ್ನುವವರೂ ಇದ್ದಾರೆ. ಸುಳ್ಳನ್ನು ಬಿಟ್ಟು ಬಾ ಎಂದು ಕರೆದು, ಬಾಗಿಲಲ್ಲೇ ಹೊಸ ಸುಳ್ಳು ಕಲಿಸಿದ ಹಾಗೆ. ಹೆಸರು ಬದಲಾಯಿಸುವ ಅಗತ್ಯವಂತೂ ಇಲ್ಲ. ಬಸಪ್ಪ ಬಸಪ್ಪನಾಗಿಯೇ ಸ್ವರ್ಗಕ್ಕೆ ಹೋಗಬಹುದು.

ಪಾಠ ಎಷ್ಟು ದಿನ ಎಂಬುದು ಸಭೆಯಿಂದ ಸಭೆಗೆ ಬೇರೆ. ಐಥಿಯೋಪ್ಯದ ಕಂಚುಕಿಗೆ ಫಿಲಿಪ್ಪ ದಾರಿಯಲ್ಲೇ, ಅದೇ ದಿನ ಸ್ನಾನ ಮಾಡಿಸಿದ. ಮುಂದೆ ಆದಿಸಭೆಯಲ್ಲಿ ಹಿಪ್ಪೊಲಿತನ ಹೆಸರಿನಲ್ಲಿ ಬಂದಿರುವ ನಿಯಮಗಳಂತೆ ಮೂರು ವರ್ಷ ಉಪದೇಶ ಕೇಳಬೇಕಿತ್ತು, ಯಾವ ಕಸುಬು ಮಾಡುತ್ತೀ ಎಂದೂ ವಿಚಾರಿಸುತ್ತಿದ್ದರು. ಕಥೋಲಿಕರಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ ತಯಾರಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ 3, 4, 5ನೇ ಭಾನುವಾರಗಳಲ್ಲಿ ಆತ್ಮಪರೀಕ್ಷೆಯ ವಿಧಿ, ಈಸ್ಟರಿನ ಮುನ್ನಾರಾತ್ರಿ ಪಾಸ್ಕ ಜಾಗರಣೆಯಲ್ಲಿ ತಲೆಯ ಮೇಲೆ ಮೂರು ಸಲ ನೀರು. ಮೆಥಡಿಸ್ಟ್, ಸಿ.ಎಸ್.ಐ. ಸಭೆಗಳಲ್ಲಿ ಸಾಮಾನ್ಯವಾಗಿ ಚಿಮುಕಿಸುವುದೋ ಹೊಯ್ಯುವುದೋ. ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೊಸ್ತ್ ಸಭೆಗಳಲ್ಲಿ ಪೂರ್ತಿ ಮುಳುಗಿಸುವುದು. ಯಾವುದು ಸರಿ ಎಂದು ಜಗಳ ಮಾಡುವವರು ‘ದಿದಖೆ’ ಎಂಬ ಬಹಳ ಹಳೆಯ ಗ್ರೀಕ್ ಬೋಧನೆಯನ್ನು ನೋಡಬೇಕು: ಹರಿಯುವ ನೀರು ಒಳ್ಳೆಯದು, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿ. ಜತೆಗೆ ಒಂದೆರಡು ದಿನದ ಉಪವಾಸ. ವಾಸ್ಕೋದ ಕೂಲಿ ಜನಕ್ಕೆ ಹತ್ತು ಹನ್ನೆರಡು ವಾರ ಹಿಡಿಸುತ್ತದೆ, ವಾರಕ್ಕೊಂದು ಸಂಜೆ. ಒಳಗೆ ಎರಡು ಸಲವಾದರೂ ಪಗಾರದ ದಿನ ಬಂದುಹೋಗುತ್ತದೆ, ಅದೇ ನಿಜವಾದ ಪಾಠ.

ಕಡಲಲ್ಲಿ ಮಾಡುವುದಾದರೆ ಡಿಸೆಂಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗಿಳಿಯುವ ಮಾತೇ ಬೇಡ, ಸಮುದ್ರ ಯಾರ ವಿಶ್ವಾಸವನ್ನೂ ನೋಡುವುದಿಲ್ಲ. ಭರತಿಯ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹೋದ ಭಾನುವಾರ 7ಕ್ಕೆ ಸರಿಯಿದ್ದ ನೀರು ಈ ಭಾನುವಾರ ಇರುವುದಿಲ್ಲ, ನೋಡಿಕೊಂಡೇ ಹೊತ್ತು ಗೊತ್ತುಮಾಡಬೇಕು. ನೀರು ಸೊಂಟಕ್ಕೆ ಬರುವಷ್ಟು ಸಾಕು, ಎದೆಮಟ್ಟ ಹೋದರೆ ಕಾಲು ನಿಲ್ಲುವುದಿಲ್ಲ. ಸ್ನಾನ ಪಡೆಯುವವರ ಮುಖ ದಡದ ಕಡೆಗಿರಬೇಕು. ಮುಖ ಕಡಲಿನ ಕಡೆಗಿದ್ದರೆ ಹಿಂದಕ್ಕೆ ಬಗ್ಗಿಸುವಾಗ ಅಲೆ ಮೂಗಿಗೇ ನುಗ್ಗುತ್ತದೆ. ದೊಡ್ಡ ಅಲೆ ದಾಟಿಹೋದ ಮೇಲಿನ ಸಮನೀರಿಗೆ ಕಾಯಬೇಕು.

ಪಾಸ್ಟರು ಪಕ್ಕದಲ್ಲಿ ನಿಲ್ಲುತ್ತಾರೆ. ಸ್ನಾನ ಪಡೆಯುವವರು ಎದೆಯ ಮೇಲೆ ಕೈ ಜೋಡಿಸಿ, ಒಂದು ಕೈಯಲ್ಲಿ ಕರವಸ್ತ್ರ ಹಿಡಿದಿರಬೇಕು. ಪಾಸ್ಟರ ಒಂದು ಕೈ ಆ ಜೋಡಿಸಿದ ಕೈಗಳ ಮೇಲೆ, ಇನ್ನೊಂದು ಹೆಗಲುಗಳ ನಡುವೆ ಬೆನ್ನಿಗೆ. ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ’ ಎಂದು ಮುಗಿಸಿದ ಮೇಲೆ ಕರವಸ್ತ್ರ ಮೂಗಿಗೆ, ಮೊಣಕಾಲು ಸಡಿಲ, ಆಮೇಲೆ ಹಿಂದಕ್ಕೆ. ಮೊಣಕಾಲು ಬಗ್ಗಿಸದೆ ಕೊರಡಿನಂತೆ ನಿಂತವರನ್ನು ಮುಳುಗಿಸಲು ಹೋದರೆ ಕಾಲು ಮೇಲೆ ತೇಲುತ್ತದೆ, ತಲೆ ಕೆಳಗಾಗುತ್ತದೆ, ಗಾಬರಿಯಾಗಿ ಪಾಸ್ಟರ ಅಂಗಿಯನ್ನೇ ಜಗ್ಗುತ್ತಾರೆ. ಇಬ್ಬರೂ ಮುಳುಗಿದ್ದೂ ಉಂಟು, ಹಾಗಂತ ಅದನ್ನು ಎರಡು ಸ್ನಾನವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ನೀರಿನೊಳಗೆ ಒಂದು ಕ್ಷಣ ಸಾಕು. ಹಿಂದಿನ ದಿನ ಖೋಲಿಯಲ್ಲೇ ಒಣ ನೆಲದ ಮೇಲೆ ಎರಡು ಸಲ ಅಭ್ಯಾಸ ಮಾಡಿಸಿದರೆ ಅರ್ಧ ಭಯ ಹೋಗುತ್ತದೆ.

ಬಟ್ಟೆಯ ವಿಷಯ ಗಂಡಸರಿಗೆ ಹೊಳೆಯುವುದಿಲ್ಲ, ಅಕ್ಕಂದಿರು ನೋಡಿಕೊಳ್ಳಬೇಕು. ಬಿಳಿ ನಿಲುವಂಗಿ ರೂಢಿ, ಆದರೆ ನೆನೆದ ಬಿಳಿ ಮೈ ಮುಚ್ಚುವುದಿಲ್ಲ. ಒಳಗೆ ಗಾಢ ಬಣ್ಣದ ದಪ್ಪ ಚೂಡಿದಾರವೇ ಇರಬೇಕು. ಸೀರೆ ಬೇಡ, ನೆನೆದು ಕಾಲಿಗೆ ಸುತ್ತಿಕೊಳ್ಳುತ್ತದೆ. ದಡದಲ್ಲಿ ಇಬ್ಬರು ಹೆಂಗಸರು ಬೆಡ್‌ಶೀಟು ಹಿಡಿದು ನಿಂತಿರಬೇಕು. ತಾಳಿ, ಬಳೆ ತೆಗೆಸಿಯೇ ನೀರಿಗಿಳಿಸುತ್ತೇವೆ ಎಂಬ ಹಟ ಕೆಲವು ಸಭೆಗಳಲ್ಲಿದೆ. ಗಂಡ ಇನ್ನೂ ನಂಬದ ಮನೆಯಲ್ಲಿ ಬರಿಗೊರಳಲ್ಲಿ ಮರಳಿದ ಹೆಂಡತಿಗೆ ಏನಾಗುತ್ತದೆ ಎಂದು ಹಟ ಮಾಡುವವರು ಯೋಚಿಸಿದಂತಿಲ್ಲ.

ತೊಟ್ಟಿಯಲ್ಲಿ ಮಾಡುವವರಿಗೆ: 7 ಅಡಿ ಉದ್ದ, 4 ಅಡಿ ಅಗಲದ ತೊಟ್ಟಿಗೆ 3 ಅಡಿ ನೀರು ತುಂಬಲು ಸುಮಾರು 2,400 ಲೀಟರ್ ಬೇಕು. ಇಬ್ಬರು ಇಳಿದಾಗ ಮಟ್ಟ ಏರುತ್ತದೆ, ಅಂಚಿನ ತನಕ ತುಂಬಬೇಡಿ. ಒಳಗೆ ಪಾಚಿ ತಿಕ್ಕಿ ತೆಗೆದು ತಳಕ್ಕೆ ರಬ್ಬರ್ ಚಾಪೆ ಹಾಸಿ. ಮೈಕಿನ ವೈರು ನೀರಿನ ಹತ್ತಿರ ಸುಳಿಯಲೇಬಾರದು.

ನೀರಿಗಿಳಿಯುವ ಮುನ್ನ ಹೇಳುವ ಸಾಕ್ಷಿಗೆ ಐದು ನಿಮಿಷ. ಹಳೆಯ ಜೀವನಕ್ಕೆ ಎರಡು ನಿಮಿಷ ಮೀರದಿದ್ದರೆ ಚೆಂದ. ಕುಡಿತದ ದಿನಗಳನ್ನು ರಸವತ್ತಾಗಿ ಬಣ್ಣಿಸಿದರೆ ಹಿಂದಿನ ಸಾಲಿನಲ್ಲಿ ಕೂತ ಇನ್ನೊಬ್ಬ ಕುಡುಕನ ಗಂಟಲು ಒಣಗುತ್ತದೆ. ಬೇರೆಯವರ ಹೆಸರು, ಬಿಟ್ಟುಬಂದ ದೇವರ ನಿಂದೆ, ಎರಡೂ ಬೇಡ.

ಆಮೇಲಿನ ತಿಂಗಳುಗಳೇ ಕಷ್ಟ. ಮತ್ತಾಯನ 12ನೇ ಅಧ್ಯಾಯದಲ್ಲಿ ಯೇಸು ಹೇಳಿದ ಮನೆಯ ಮಾತಿದೆಯಲ್ಲ, ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ ಹೊರಟುಹೋದ ದೆವ್ವ ಇನ್ನೂ ಏಳು ದೆವ್ವಗಳನ್ನು ಕರೆದುಕೊಂಡು ಮರಳುತ್ತದೆ. ಶನಿವಾರ ಸಂಜೆ ಬಟವಾಡೆಯಾಗುತ್ತದೆ. ನಾಕಾದಿಂದ ಖೋಲಿಗೆ ಬರುವ ದಾರಿಯಲ್ಲಿ ತಾವೇರ್ನಾ, ಅಂದರೆ ಹೆಂಡದಂಗಡಿ. ಆ ಒಂದು ತಾಸಿಗೆ ಜತೆಗಾರ ಬೇಕು: ಸಭೆಯ ತಮ್ಮನೊಬ್ಬ ಸೈಟಿನ ಗೇಟಿಗೇ ಬಂದು ನಿಲ್ಲುತ್ತಾನೆ, ಬೇರೆ ದಾರಿಯಲ್ಲಿ ಕರೆತರುತ್ತಾನೆ, ಪಗಾರ ಹೆಂಡತಿಯ ಕೈಗೆ ಹೋಗುವ ತನಕ ಎದ್ದು ಹೋಗುವುದಿಲ್ಲ. ಹಳೆಯ ಗೆಳೆಯರಿಗೆ ಉಪದೇಶ ಬೇಡ, ‘ಬಿಟ್ಟೀನೋ ಮಾರಾಯಾ’ ಅಷ್ಟೇ ಸಾಕು. ಮತ್ತೆ ಕುಡಿದುಬಿಟ್ಟರೆ? ಕುಡಿಯುತ್ತಾರೆ. ಮತ್ತೆ ಸ್ನಾನ ಕೊಡುವುದಿಲ್ಲ, ಅದು ಒಂದೇ ಸಲ. ಎಂದು, ಎಲ್ಲಿ, ಯಾರ ಜತೆ, ಕೈಯಲ್ಲಿ ಎಷ್ಟು ದುಡ್ಡಿತ್ತು ಎಂದು ಕೇಳಿ ಆ ಬಾಗಿಲು ಮುಚ್ಚುತ್ತಾರೆ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾನೆ.

ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ರಸ ಹಂಚಿಕೊಳ್ಳುವ ವಿಧಿಯಲ್ಲಿ, ಪಾತ್ರೆಯಲ್ಲಿರುವುದು ಬರೀ ದ್ರಾಕ್ಷಿ ಹಣ್ಣಿನ ರಸವೋ ವೈನೋ ಎಂದು ಮೊದಲೇ ಕೇಳಿಕೊಳ್ಳಬೇಕು. ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹುಳಿಯದ ರಸವೇ. ಕಥೋಲಿಕರಲ್ಲಿ ವೈನ್ ಇದ್ದರೂ ರೊಟ್ಟಿಯೊಂದನ್ನೇ ಪಡೆದರೆ ಪೂರ್ತಿ ಪಡೆದಂತೆಯೇ, ಕೊರತೆಯೇನಿಲ್ಲ. ಕುಡಿತ ಬಿಟ್ಟವನಿಗೆ ಒಂದು ಗುಟುಕೂ ಹೆಚ್ಚು.

ತಿಂಗಳ ಮೊದಲ ಭಾನುವಾರ ಭೋಜನ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜತೆ ಸಮಾಧಾನವಾಗು ಎಂಬ ಯೇಸುವಿನ ಮಾತಿರುವುದರಿಂದ ಪುಸ್ತಕ ನೋಡುವುದು ಅದರ ಹಿಂದಿನ ಶನಿವಾರ. ಹಿರಿಯರ ಮನೆಯಲ್ಲಿ ಚಹಾ ಆಗುತ್ತದೆ. ಬೆಂಡೋಲೆ ಬಿಡಿಸಿ ಕೊಟ್ಟ ಸಾಲಿಗೆ ಗೆರೆ ಎಳೆಯುತ್ತಾರೆ, ಗಾಡೆಯವನ ಮುಂದೆ 600 ಬರೆಯುತ್ತಾರೆ, ಬಡ್ಡಿಯವನಿಗೆ ಈ ಸಲ ಕಂತು ತಪ್ಪಿದ್ದರೆ ಅವನಿಗೆ ಅಲ್ಲಿಂದಲೇ ಫೋನ್ ಮಾಡಿಸಿ ಮುಂದಿನ ತಾರೀಕು ಹೇಳಿಸುತ್ತಾರೆ.